ಗೆಟ್ಟಿಯ ದುಡ್ಡು, ಗೆಟ್ಟಿಯ ಚಿತ್ರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ತೈಲ ಉದ್ಯಮಿ ಜೆ. ಪಾಲ್ ಗೆಟ್ಟಿ (1892–1976) ಬರೆದ ಪುಸ್ತಕಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಿಂದ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಗೆಟ್ಟಿಯ ‘ಹೌ ಟು ಬಿ ರಿಚ್’ ಅರ್ಧ ಓದಿದ್ದೇನೆ. ಅದರಲ್ಲಿ ಹೇಳಿದ ಹಾಗೆ ನಡೆದರೆ ನಮ್ಮಂಥವರೂ ದುಡ್ಡು ಮಾಡಬಹುದೇ? (ಹಾಸನದ ಓದುಗ)

ಇನ್ನರ್ಧವನ್ನೂ ಓದಿ. ಆದರೆ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಇದರಲ್ಲಿ ಆತ ಕಲಿತದ್ದೆಷ್ಟು, ಆತನಿಗೆ ಸಿಕ್ಕಿದ್ದೆಷ್ಟು ಎಂದು ಎರಡು ಕಾಲಂ ಬರೆಯುತ್ತಾ ಹೋಗಿ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವಳು. ಯಾರೇ ಬಂದು ತಮ್ಮ ಗೆಲುವಿನ ಕಥೆ ಹೇಳಿದರೂ ಮೊದಲು ಬಂಡವಾಳ ಎಲ್ಲಿಂದ ಬಂತು ಅಂತಲೇ ಕೇಳುತ್ತಿದ್ದೆ. ಗೆಟ್ಟಿಗೂ ಅದನ್ನೇ ಕೇಳಬೇಕು.

ಅವನ ಮೊದಲ ತೈಲ ಬಾವಿಯ ಕಥೆ ನೋಡಿ. ಒಕ್ಲಹೋಮಾದಲ್ಲಿ ನ್ಯಾನ್ಸಿ ಟೇಲರ್ ಎಂಬ ಜಮೀನಿನ ಲೀಸ್ ಹರಾಜಿಗೆ ಬಂದಿತ್ತು. ತಾನೇ ಕೂಗಿದರೆ ಬೆಲೆ ಏರುತ್ತದೆ ಎಂದು ಊರಿನ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಕೂಗಿಸಿದ. ಹಿಂದೆ ಯಾವುದೋ ದೊಡ್ಡ ಕಂಪನಿ ಇದೆ ಎಂದುಕೊಂಡು ಉಳಿದವರು ಸುಮ್ಮನಾದರು. ಲೀಸ್ 500 ಡಾಲರಿಗೆ ಸಿಕ್ಕಿತು. 1916ರಲ್ಲಿ ಅಲ್ಲಿ ಎಣ್ಣೆ ಬಂತು. ಇದು ಜಾಣತನ, ಒಪ್ಪೋಣ. ಭೂವಿಜ್ಞಾನಿಗಳ ಮಾತನ್ನು ಹಳಬರು ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲದಲ್ಲಿ ಆತ ಅವರ ಮಾತು ಕೇಳಿದ. ಬಾವಿ ತೋಡುವ ಜಾಗದಲ್ಲೇ ನಿಂತು ಕೆಲಸಗಾರರ ಜೊತೆ ದುಡಿದ. ಇದೆಲ್ಲ ಮೊದಲ ಕಾಲಂಗೆ ಹೋಗುತ್ತದೆ.

ಇನ್ನು ಎರಡನೇ ಕಾಲಂ. ಅವನ ಅಪ್ಪ ಜಾರ್ಜ್ ಗೆಟ್ಟಿ ವಕೀಲಿಕೆಯಿಂದ ತೈಲಕ್ಕೆ ಬಂದು ಅಷ್ಟರಲ್ಲೇ ಗೆದ್ದಿದ್ದರು. ಮಗನಿಗೆ ತಿಂಗಳಿಗೆ 100 ಡಾಲರ್ ಖರ್ಚಿಗೆ ಕೊಡುತ್ತಿದ್ದರು. ಕರಾರು ಹೀಗಿತ್ತು: ಬಂಡವಾಳ ಅಪ್ಪನದು, ಲಾಭದಲ್ಲಿ ಅಪ್ಪನಿಗೆ ನೂರಕ್ಕೆ 70, ಮಗನಿಗೆ 30. ಅಂದರೆ ಬಾವಿಯಲ್ಲಿ ಎಣ್ಣೆ ಬರದೇ ಹೋಗಿದ್ದರೆ ಮನೆ ಮಾರುವ ಸ್ಥಿತಿ ಮಗನಿಗೆ ಬರುತ್ತಿರಲಿಲ್ಲ. ನಿಮ್ಮ ಊರಿನಲ್ಲಿ ಸಾಲ ಮಾಡಿ ಬೋರ್‌ವೆಲ್ ಕೊರೆಸಿ ನೀರು ಸಿಗದ ರೈತನನ್ನು ಕೇಳಿ, ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳುತ್ತಾನೆ. ಗೆಟ್ಟಿ ಅಪ್ಪನ ನೆರವನ್ನು ಮುಚ್ಚಿಡುವುದಿಲ್ಲ. ಆದರೆ ಸಲಹೆ ಕೊಡಲು ಕೂತಾಗ ಅದಕ್ಕೆ ಸಿಗಬೇಕಾದ ಬೆಲೆ ಕೊಡುವುದಿಲ್ಲ. ನನ್ನ ತಕರಾರು ಅಷ್ಟೇ.

ಹಾಗಾದರೆ ಪುಸ್ತಕದಲ್ಲಿ ಉಳಿಯುವುದೇನು? ಖರ್ಚಿನ ಮೇಲಿನ ಅವನ ಕಣ್ಣು. ಕಂಪನಿಯ ದುಡ್ಡು ಪೋಲಾಗುತ್ತಿದ್ದರೂ ತಲೆ ಕೆಡಿಸಿಕೊಳ್ಳದ ಮೂವರು ಮ್ಯಾನೇಜರುಗಳ ಸಂಬಳದಲ್ಲಿ ಅವನು ಹೇಳದೇ ಕೇಳದೇ ತಲಾ 5 ಡಾಲರ್ ಹಿಡಿಸಿದ. ಮೂವರೂ ದೂರು ತಂದರು. ನಿಮ್ಮ ಐದು ಡಾಲರ್ ತಕ್ಷಣ ಕಾಣುತ್ತದೆ, ಷೇರುದಾರರ ಸಾವಿರಾರು ಡಾಲರ್ ಯಾಕೆ ಕಾಣಲಿಲ್ಲ ಎಂಬುದು ಅವನ ಪ್ರಶ್ನೆ. ಈ ಪಾಠ ನಿಮ್ಮ ಕೈಗೆ ಎಟುಕುವಂಥದ್ದು. ಇನ್ನೊಂದು, ಎಲ್ಲರೂ ಹೆದರಿ ಮಾರುವಾಗ ಕೊಳ್ಳುವುದು. 1930ರ ದಶಕದ ಆರ್ಥಿಕ ಮಹಾ ಕುಸಿತದಲ್ಲಿ ಟೈಡ್ ವಾಟರ್ ಎಂಬ ದೊಡ್ಡ ತೈಲ ಕಂಪನಿಯ ಷೇರುಗಳನ್ನು ಅಗ್ಗಕ್ಕೆ ಕೊಳ್ಳಲು ಶುರುಮಾಡಿ, ವರ್ಷಗಟ್ಟಲೆ ಕೊಳ್ಳುತ್ತಾ ಹೋಗಿ ಅದನ್ನು ವಶಮಾಡಿಕೊಂಡ. ಇದಕ್ಕೆ ಧೈರ್ಯ ಬೇಕು. ಕೈಯಲ್ಲಿ ನಗದೂ ಇರಬೇಕು.

ಪ್ರಶ್ನೆ: ಮನೆಗೆ ಬಂದ ಅತಿಥಿಗಳಿಗೆ ಕಾಯಿನ್ ಫೋನ್ ಇಟ್ಟ ಜಿಪುಣ ಕಲಾಕೃತಿಗಳಿಗೆ ಲಕ್ಷಾಂತರ ಡಾಲರ್ ಸುರಿದದ್ದು ಹೇಗೆ? (ಮೈಸೂರಿನ ಓದುಗರು)

ಫೋನ್ ಇಟ್ಟಿದ್ದು ನಿಜ. ಇಂಗ್ಲೆಂಡಿನ ಸರ್ರೆಯಲ್ಲಿ ಅವನು ಕೊಂಡ ಸಟನ್ ಪ್ಲೇಸ್ ಎಂಬ ಟ್ಯೂಡರ್ ಕಾಲದ ಬಂಗಲೆಯಲ್ಲಿ. ರಿಪೇರಿ ಕೆಲಸಕ್ಕೆ ಬಂದವರೂ ಹೋಗಿಬರುವವರೂ ದೂರದ ದೇಶಗಳಿಗೆಲ್ಲ ಕರೆ ಮಾಡಿ ಬಿಲ್ ಏರಿಸಿದರು ಎಂದು ಆತ್ಮಕಥೆಯಲ್ಲಿ ಸಮರ್ಥನೆ ಕೊಡುತ್ತಾನೆ.

ಚಿತ್ರಗಳ ವಿಷಯಕ್ಕೆ ಬಂದರೆ, ಅಲ್ಲೂ ಅವನು ಸುರಿಯುವ ಆಸಾಮಿ ಆಗಿರಲಿಲ್ಲ. 1938ರ ಸುಮಾರಿಗೆ ಜೋರಾಗಿ ಕೊಳ್ಳಲು ಶುರುಮಾಡಿದ. ಕುಸಿತದಿಂದ ಬೆಲೆ ಬಿದ್ದಿತ್ತು, ಯೂರೋಪಿನಲ್ಲಿ ಯುದ್ಧದ ಭಯ ಇತ್ತು. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮಾರ್ಟನ್ ಲೂಟನ್ ಎಂಬ ವ್ಯಾಪಾರಿಯ ಭಾವಚಿತ್ರವನ್ನು ಆ ವರ್ಷ ಸುಮಾರು 65,000 ಡಾಲರಿಗೆ ಕೊಂಡ. ಹತ್ತಿರತ್ತಿರ ಅಷ್ಟೇ ಬೆಲೆಗೆ ಇರಾನಿನ ಅರ್ದಬೀಲ್ ಕಾರ್ಪೆಟ್. 16ನೇ ಶತಮಾನದಲ್ಲಿ ನೇಯ್ದ ಇದು ಜಗತ್ತಿನ ಅತಿ ಹೆಸರುವಾಸಿ ಕಾರ್ಪೆಟ್‌ಗಳಲ್ಲಿ ಒಂದು. ಈಜಿಪ್ಟಿನ ದೊರೆ ಫಾರೂಕ್ 2,50,000 ಡಾಲರ್ ಕೊಡುತ್ತೇನೆಂದರೂ ಮಾರಲಿಲ್ಲ ಎಂದು ಗೆಟ್ಟಿ ಬರೆದಿದ್ದಾನೆ. ಆಮೇಲೆ ಎರಡನ್ನೂ ಲಾಸ್ ಏಂಜಲಿಸ್‌ನ ಸಾರ್ವಜನಿಕ ಮ್ಯೂಸಿಯಂಗೆ ಹಾಗೇ ಕೊಟ್ಟುಬಿಟ್ಟ. ಕೊಂಡ ಬೆಲೆಯ ಮೂರು ಪಟ್ಟಿಗೂ ಹೆಚ್ಚು ಸಿಗುತ್ತಿದ್ದಾಗ ಮಾರದೆ, ಕೊನೆಗೆ ದಾನ ಕೊಟ್ಟವನನ್ನು ಬರೀ ಜಿಪುಣ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಇವನ ಬರಹಗಳಲ್ಲಿ ನನಗೆ ತುಂಬ ಇಷ್ಟವಾದ ವಿಷಯವನ್ನು ಇಲ್ಲೇ ಹೇಳಬೇಕು. ಗೆಟ್ಟಿ ಒಂದು ನೀಳ್ಗತೆಯನ್ನೂ ಬರೆದಿದ್ದಾನೆ. 1955ರ ‘ಕಲೆಕ್ಟರ್ಸ್ ಚಾಯ್ಸ್’ ಪುಸ್ತಕದಲ್ಲಿದೆ. ಲ್ಯಾನ್ಸ್‌ಡೌನ್ ಹರ್ಕ್ಯುಲಿಸ್ ಎಂಬ, ಗ್ರೀಕ್ ಪುರಾಣದ ವೀರನ ಅಮೃತಶಿಲೆಯ ವಿಗ್ರಹವನ್ನು 1951ರಲ್ಲಿ ಕೊಂಡಿದ್ದ. ಅದು 1790ರಲ್ಲಿ ಇಟಲಿಯ ಟಿವೊಲಿಯಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಅರಮನೆಯ ಹತ್ತಿರ ಸಿಕ್ಕಿದ್ದು. ಅದಕ್ಕೂ ಮುಂಚೆ ಎಲ್ಲಿತ್ತು? ಗ್ರೀಸಿನ ಕೊರಿಂತ್ ಊರಿನಿಂದ ಹೊರಟು, ಇಟಲಿಯ ಹರ್ಕ್ಯುಲೇನಿಯಂ ಊರಿನ ಒಬ್ಬ ರೋಮನ್ ಸಿರಿವಂತನ ಬಂಗಲೆಯಲ್ಲಿ ನಿಂತು, ಮುಂದೆ ಟಿವೊಲಿಗೆ ಬಂತು ಎಂದು ಕಲ್ಪಿಸಿಕೊಂಡು ಕಥೆ ಕಟ್ಟಿದ. ಆ ಬಂಗಲೆ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಕ್ರಿ.ಶ. 79ರಲ್ಲಿ ಹೂತುಹೋಗಿತ್ತು. ಮುಂದೆ ತನ್ನ ಮ್ಯೂಸಿಯಂ ಕಟ್ಟಿಸುವಾಗ ಕ್ಯಾಲಿಫೋರ್ನಿಯಾದ ಸಮುದ್ರ ತೀರದಲ್ಲಿ ಅದೇ ಬಂಗಲೆಯ ಮಾದರಿಯನ್ನು ಎಬ್ಬಿಸಿದ. ಅದು 1974ರಲ್ಲಿ ತೆರೆಯಿತು. ಕಥೆಯಲ್ಲಿ ವಿಗ್ರಹವನ್ನು ಎಲ್ಲಿ ಇಟ್ಟಿದ್ದನೋ ಅಂಥದ್ದೇ ಮನೆಯಲ್ಲಿ ಅದನ್ನು ನಿಜವಾಗಿಯೂ ತಂದು ನಿಲ್ಲಿಸಿದ. ಆಗ ಇಂಗ್ಲೆಂಡಿನಲ್ಲೇ ಇದ್ದ ಗೆಟ್ಟಿ ಆ ಕಟ್ಟಡವನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ತೀರಿಕೊಂಡ ಮೇಲೆ ಅಲ್ಲೇ ಅವನ ಸಮಾಧಿ ಆಯಿತು. ಆಸ್ತಿಯ ಬಹುಪಾಲನ್ನು, ಸುಮಾರು 70 ಕೋಟಿ ಡಾಲರ್ ಬೆಲೆಯ ಷೇರುಗಳನ್ನು, ಆ ಮ್ಯೂಸಿಯಂಗೇ ಬರೆದಿಟ್ಟಿದ್ದ.

ಪ್ರಶ್ನೆ: ಕಲಾಕೃತಿ ಕೊಂಡರೆ ಚಿನ್ನಕ್ಕಿಂತ ಜಾಸ್ತಿ ಲಾಭ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಗೆಟ್ಟಿಯೂ ಹಾಗೇ ಬರೆದಿದ್ದಾನಲ್ಲ? (ಹುಬ್ಬಳ್ಳಿಯ ಓದುಗರು)

ಬರೆದಿದ್ದಾನೆ. ‘ಹೌ ಟು ಬಿ ರಿಚ್’ನಲ್ಲಿ ಕಲೆಯೇ ಒಳ್ಳೆಯ ಹೂಡಿಕೆ ಎಂಬ ಅಧ್ಯಾಯವೇ ಇದೆ. ದಯವಿಟ್ಟು ಅದನ್ನು ನಂಬಿ ದುಡ್ಡು ಹಾಕಬೇಡಿ. ಅವನದೇ ಒಂದು ಉದಾಹರಣೆ ಸಾಕು. 1938ರಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ, ಇಟಲಿಯ ಹೆಸರಾಂತ ಚಿತ್ರಕಾರ ರಾಫೆಲ್‌ನ ಚಿತ್ರದ ನಕಲು ಎಂದು ಮಾರಾಟಕ್ಕಿದ್ದ ಮೇರಿ ಮತ್ತು ಬಾಲ ಯೇಸುವಿನ ಚಿತ್ರವನ್ನು 40 ಪೌಂಡಿಗೆ ಕೊಂಡ. 1960ರ ದಶಕದಲ್ಲಿ ಅದನ್ನು ತೊಳೆಸಿ ನೋಡಿದಾಗ ರಾಫೆಲ್ ಕೈಯದೇ ಎಂದು ತಜ್ಞರು ಹೇಳಿದರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ತೂಗುಹಾಕಿದರು. ಅವನ ಬರಹದಲ್ಲಿ ಈ ಭಾಗ ಓದಿದರೆ ಸಂತೋಷ ಹಾಳೆಯಿಂದ ಉಕ್ಕುತ್ತದೆ. ಆದರೆ ಇವತ್ತು ವಿದ್ವಾಂಸರು ಮೂಲ ಎಂದು ಒಪ್ಪಿರುವುದು ಫ್ರಾನ್ಸಿನ ಶಾಂತಿಯಿಯಲ್ಲಿರುವ ಚಿತ್ರವನ್ನು. ಗೆಟ್ಟಿಯದು ಮತ್ತೆ ನಕಲಾಯಿತು. ಯೂರೋಪಿನ ದೊಡ್ಡ ದೊಡ್ಡ ತಜ್ಞರನ್ನು ಕೇಳಬಲ್ಲವನಿಗೇ ಹೀಗಾದರೆ, ಏಜೆಂಟ್ ತೋರಿಸುವ ಸರ್ಟಿಫಿಕೇಟ್ ನಂಬಿ ನೀವು ಹೇಗೆ ಕೊಳ್ಳುತ್ತೀರಿ? ಚಿನ್ನವನ್ನು ಯಾವ ಊರಿನಲ್ಲಾದರೂ ತೂಗಿ ಮಾರಬಹುದು. ಚಿತ್ರಕ್ಕೆ ಕೊಳ್ಳುವವನನ್ನು ನೀವೇ ಹುಡುಕಬೇಕು.

ಚಿತ್ರ ಕೊಳ್ಳಲೇ ಬೇಡಿ ಎನ್ನುತ್ತಿಲ್ಲ. ದಿನಾ ನೋಡಬೇಕು ಅನ್ನಿಸಿದ ಚಿತ್ರವನ್ನು, ಬರೆದ ಕಲಾವಿದರಿಂದಲೇ ಕೊಳ್ಳಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ರಸ್ತೆ ಬದಿಯಲ್ಲೇ ಕಲಾವಿದರು ಸಿಗುತ್ತಾರೆ. ಅದೇ ಪರಿಷತ್ತಿನ ಒಳಗೆ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಕೊಟ್ಟ ಸಂಗ್ರಹವೂ ಇದೆ. ಕೊಳ್ಳುವ ಮುಂಚೆ ಅದನ್ನು ನೋಡಿ, ಕಣ್ಣು ಪಳಗುತ್ತದೆ.

ಪ್ರಶ್ನೆ: ಅಪಹರಣವಾದ ಮೊಮ್ಮಗನಿಗೆ ದುಡ್ಡು ಕೊಡದವನ ಪುಸ್ತಕ ನಾವು ಯಾಕೆ ಓದಬೇಕು? (ಶಿರಸಿಯ ಓದುಗರು)

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1973ರಲ್ಲಿ ರೋಮ್‌ನಲ್ಲಿ 16 ವರ್ಷದ ಹುಡುಗನನ್ನು ಎತ್ತಿಕೊಂಡು ಹೋದರು. ಒಬ್ಬನಿಗೆ ಕೊಟ್ಟರೆ ಉಳಿದ 14 ಮೊಮ್ಮಕ್ಕಳಿಗೂ ಅಪಾಯ ಎಂದು ಅಜ್ಜ ನಿರಾಕರಿಸಿದ. ಹುಡುಗನ ಕಿವಿ ಕತ್ತರಿಸಿ ಕಳಿಸಿದ ಮೇಲೆ ಒಪ್ಪಿದ. ಆಗಲೂ ತೆರಿಗೆಯಲ್ಲಿ ಕಳೆಯಬಹುದಾದಷ್ಟು, ಅಂದರೆ ಸುಮಾರು 22 ಲಕ್ಷ ಡಾಲರ್ ಕೊಟ್ಟು, ಉಳಿದದ್ದನ್ನು ಹುಡುಗನ ಅಪ್ಪನಿಗೆ, ತನ್ನ ಸ್ವಂತ ಮಗನಿಗೆ, ನೂರಕ್ಕೆ 4ರ ಬಡ್ಡಿಗೆ ಸಾಲ ಕೊಟ್ಟ ಎನ್ನುತ್ತಾರೆ ಅವನ ಚರಿತ್ರೆ ಬರೆದವರು. ಮೊದಲು ಕೊಟ್ಟ ಕಾರಣದಲ್ಲಿ ತರ್ಕವಿದೆ. ಬಡ್ಡಿಯಲ್ಲಿ ಯಾವ ತರ್ಕವೂ ಇಲ್ಲ, ಬರೀ ಕಲ್ಲುಮನಸ್ಸು. ಬಡ್ಡಿ ಲೆಕ್ಕ ಹಾಕುವುದೇ ಉದ್ಯೋಗವಾಗಿದ್ದ ನನಗೂ ಅದನ್ನು ಓದಿ ಮೈ ಜುಮ್ಮೆಂದಿತು. ಆದರೂ ಓದಿ ಎನ್ನುತ್ತೇನೆ. ದುಡ್ಡಿನ ಬಗ್ಗೆ ಬೇರೆಯವರು ಅವನಿಗೆ ಕಟ್ಟಿದ ಮಾತುಗಳಿಗಿಂತ, ಅವನೇ ಬರೆದದ್ದನ್ನು ಓದಿ ತೀರ್ಮಾನಿಸುವುದು ನ್ಯಾಯ ಅಲ್ವಾ?

ಪ್ರಶ್ನೆ: ಮೊದಲು ಯಾವುದು ಓದಲಿ? ಅಮೆರಿಕಕ್ಕೆ ಹೋಗದೆ ಸಂಗ್ರಹ ನೋಡಬಹುದೇ? (ಮಂಗಳೂರಿನ ವಿದ್ಯಾರ್ಥಿನಿ)

1965ರ ‘ದಿ ಜಾಯ್ಸ್ ಆಫ್ ಕಲೆಕ್ಟಿಂಗ್’ನಿಂದ ಶುರುಮಾಡಮ್ಮ. ‘ಹೌ ಟು ಬಿ ರಿಚ್’ ಕೂಡ ಅದೇ ವರ್ಷದ್ದು, ಆದರೆ ಅಲ್ಲಿ ಆತ ಮೇಷ್ಟ್ರು. ಕಲೆಯ ಪುಸ್ತಕದಲ್ಲಿ ಆಸೆ ಪಡುವ, ಕಾಯುವ, ಪಟ್ಟು ಹಿಡಿಯುವ ಮನುಷ್ಯ ಕಾಣುತ್ತಾನೆ. ಸಂಗ್ರಹ ನೋಡಲು ಎಲ್ಲಿಗೂ ಹೋಗಬೇಕಿಲ್ಲ. ಗೆಟ್ಟಿ ಮ್ಯೂಸಿಯಂ 2013ರಿಂದ ಸಾವಿರಾರು ಕಲಾಕೃತಿಗಳ ದೊಡ್ಡ ಫೋಟೋಗಳನ್ನು ಪುಕ್ಕಟೆಯಾಗಿ ಬಿಟ್ಟಿದೆ. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಅವರು ಪ್ರಕಟಿಸಿದ ಹಳೆಯ ಕಲಾ ಪುಸ್ತಕಗಳೂ ಹಾಗೇ ಸಿಗುತ್ತವೆ. 1938ರಿಂದ ಅವನು ಬರೆದಿಟ್ಟ ದಿನಚರಿಗಳನ್ನೂ ಅಲ್ಲಿನ ಸಂಶೋಧನಾ ಸಂಸ್ಥೆ ಸ್ಕ್ಯಾನ್ ಮಾಡಿ ಇಟ್ಟಿದೆ, ಅವನದೇ ಕೈಬರಹದಲ್ಲಿ. ಕಾಲೇಜಿನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಓದು, ಫೋನಿನಲ್ಲಿ ಅಕ್ಷರ ಹಿಡಿಯುವುದು ಕಷ್ಟ.