ಕೆರೆ ಇದ್ದ ಜಾಗದಲ್ಲಿ ಹೊಲ ಕಾಣಿಸಿದರೆ

ಪ್ರಶ್ನೆ: ನಾನು ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್‌ಗಿಯರ್ ಅನ್ನುವ ಸಿಮ್ಯುಲೇಟರ್‌ನಲ್ಲಿ ಸಣ್ಣ ವಿಮಾನ ಹಾರಿಸುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಕೆರೆ ಅದರಲ್ಲಿ ಇಲ್ಲವೇ ಇಲ್ಲ. ಉದ್ದ ಹೆಚ್ಚೆಂದರೆ 500 ಮೀಟರ್. ಆ ಜಾಗದಲ್ಲಿ ಬರೀ ಹೊಲ, ಮಧ್ಯೆ ಮಧ್ಯೆ ಮರ. ಕೆರೆ ಯಾಕೆ ಬಿಟ್ಟುಹೋಗಿದೆ? ನಾನೇ ಸೇರಿಸಬಹುದಾ? ಮೇಲೆ ಒಂದು ನೀಲಿ ಚಿತ್ರ ಅಂಟಿಸಿದರೆ ಸಾಕಲ್ವಾ?

ಉತ್ತರ: ಖಂಡಿತ ಸೇರಿಸಬಹುದು, ಸೇರಿಸಲೇಬೇಕು. ನೆಲ ನೋಡಿಕೊಂಡು ದಾರಿ ಹಿಡಿಯುವವರಿಗೆ ಕೆರೆಗಿಂತ ಒಳ್ಳೆಯ ಗುರುತು ಸಿಗುವುದು ಕಷ್ಟ. ಮೇಲಿನಿಂದ ರಸ್ತೆಗಳೆಲ್ಲ ಒಂದೇ ಥರ ಕಾಣಿಸುತ್ತವೆ. ಕೆರೆ ಹಾಗಲ್ಲ, ಒಂದರ ಆಕಾರ ಇನ್ನೊಂದಕ್ಕಿಲ್ಲ. ಒಂದು ಕೆರೆ ಕಾಣೆಯಾದರೆ ಹಾರುವವರಿಗೆ ಒಂದು ಊರೇ ಕಾಣೆಯಾದ ಹಾಗೆ.

ನಿಮ್ಮ ಕೆರೆ ಬಿಟ್ಟುಹೋಗಲು ಎರಡು ಕಾರಣ ಇವೆ. ಫ್ಲೈಟ್‌ಗಿಯರ್‌ನ ಸೀನರಿಯಲ್ಲಿ, ಅಂದರೆ ಅದು ತೋರಿಸುವ ನೆಲದಲ್ಲಿ, ಎಲ್ಲಿ ಕಾಡು, ಎಲ್ಲಿ ಹೊಲ, ಎಲ್ಲಿ ನೀರು ಅನ್ನುವ ಮಾಹಿತಿ ಪ್ರಪಂಚದ ಬಹಳಷ್ಟು ಕಡೆ ವಿಮ್ಯಾಪ್ ಝೀರೋ ಅನ್ನುವ ನಕ್ಷೆಯಿಂದ ಬಂದಿದೆ. ಅದರ ಅಳತೆ 1:10,00,000. ಆ ನಕ್ಷೆಯಲ್ಲಿ ನಿಮ್ಮ 500 ಮೀಟರ್ ಕೆರೆ ಅರ್ಧ ಮಿಲಿಮೀಟರ್ ಆಗುತ್ತದೆ, ಪೆನ್ಸಿಲ್ ಚುಕ್ಕೆಯಷ್ಟು. ಇನ್ನು ನೆಲದ ಎತ್ತರದ ಮಾಹಿತಿ ಎಸ್‌ಆರ್‌ಟಿಎಂ ಅನ್ನುವ ಸಮೀಕ್ಷೆಯದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತುತ್ತಾ ರೇಡಾರ್‌ನಿಂದ ಅಳೆದದ್ದು. ನಿಂತ ನೀರು ರೇಡಾರ್ ಅಲೆಯನ್ನು ಕನ್ನಡಿಯಂತೆ ಬೇರೆ ಕಡೆಗೆ ಹಾರಿಸಿಬಿಡುತ್ತದೆ, ವಾಪಸ್ ಬರುವುದು ಕಡಿಮೆ. ಹಾಗಾಗಿ ನೀರಿನ ಮೇಲಿನ ಎತ್ತರಗಳು ಏರುಪೇರಾಗಿ ದಾಖಲಾದವು. ಆಮೇಲೆ ಪರಿಷ್ಕರಿಸಿದಾಗ ಅವನ್ನು ಸಮತಟ್ಟು ಮಾಡಿದರು. ಆದರೆ 600 ಮೀಟರ್ ಅಥವಾ ಅದಕ್ಕಿಂತ ಉದ್ದದ ಕೆರೆಗಳನ್ನು ಮಾತ್ರ! ನಿಮ್ಮ ಕೆರೆ ಆ ಸಾಲಿಗೂ ಸೇರಲಿಲ್ಲ.

ನೀಲಿ ಚಿತ್ರದ ವಿಷಯ. ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ. ಫ್ಲೈಟ್‌ಗಿಯರ್‌ನಲ್ಲಿ ನೆಲದ ಪ್ರತಿ ಬಗೆಗೂ ಅದರದೇ ಗುಣಗಳಿವೆ. ‘ಲೇಕ್’ ಎಂದು ಗುರುತಿಸಿದ ಜಾಗ ಗಟ್ಟಿ ನೆಲ ಅಲ್ಲ ಎಂದು ಪ್ರೋಗ್ರಾಮ್‌ಗೆ ಗೊತ್ತಿರುತ್ತದೆ. ನೀರಿನ ಮೇಲೆ ಇಳಿಯುವ ವಿಮಾನ ಅಲ್ಲಿ ತೇಲಬಲ್ಲದು. ಹೊಲಕ್ಕೆ ಬಂದಿದ್ದ ಮರಗಳು ತಾವಾಗೇ ಹೋಗುತ್ತವೆ. ಚಿತ್ರ ಅಂಟಿಸಿದರೆ ಇದ್ಯಾವುದೂ ಆಗುವುದಿಲ್ಲ.

ಮೊದಲು ದಡ ಬರೆಯಿರಿ. ನಾನು ಕ್ಯೂಜಿಐಎಸ್ ಅನ್ನುವ ನಕ್ಷೆಯ ಪ್ರೋಗ್ರಾಮ್ ಬಳಸುತ್ತೇನೆ, ಉಚಿತವಾಗಿ ಸಿಗುತ್ತದೆ. ಉಪಗ್ರಹ ಚಿತ್ರ ಹಿಂದೆ ಇಟ್ಟುಕೊಂಡು ಡಬ್ಲ್ಯೂಜಿಎಸ್84 (ಜಿಪಿಎಸ್ ಬಳಸುವ ಪದ್ಧತಿ) ಅಕ್ಷಾಂಶ ರೇಖಾಂಶದಲ್ಲಿ ಒಂದು ಪಾಲಿಗಾನ್, ಅಂದರೆ ಮುಚ್ಚಿದ ಗೆರೆಯ ಆಕಾರ, ಎಳೆಯಿರಿ. ಇಲ್ಲಿ ಅವಸರ ಬೇಡ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ನೀರಿನ ಅಂಚಿಗೂ ಹಸಿರಿಗೂ ನಡುವೆ ಎಷ್ಟೋ ಕೆರೆಗಳಲ್ಲಿ ಒಂದು ಬಿಳಿಚಿದ ಪಟ್ಟಿ ಇರುತ್ತದೆ, ಹುಲ್ಲು ಕೂಡ ಸರಿಯಾಗಿ ಬೆಳೆಯದ ಮಣ್ಣು. ತುಂಬಿದಾಗ ನೀರು ಅಲ್ಲಿವರೆಗೂ ಬರುತ್ತದೆ. ನಾನು ಆ ಪಟ್ಟಿಯ ಹೊರ ಅಂಚನ್ನೇ ದಡ ಅಂತ ಹಿಡಿಯುತ್ತೇನೆ, ಯಾಕೆಂದರೆ ತುಂಬಿದ ಕೆರೆಯ ಆಕಾರವೇ ಎಲ್ಲರ ನೆನಪಿನಲ್ಲಿರುವುದು. ತಿರುವುಗಳಲ್ಲಿ 15–20 ಮೀಟರ್‌ಗೆ ಒಂದು ಬಿಂದು ಇದ್ದರೆ ಸಾಕು. ಏರಿ ಇದ್ದರೆ ಆ ಬದಿ ಸಾಮಾನ್ಯವಾಗಿ ನೇರ ಇರುತ್ತದೆ, ಎರಡು ಬಿಂದುವಿನಲ್ಲಿ ಮುಗಿಯುತ್ತದೆ. ಬಿಂದು ಜಾಸ್ತಿಯಾದಷ್ಟೂ ನೆಲವನ್ನು ಕಟ್ಟುವ ತ್ರಿಕೋನಗಳು ಜಾಸ್ತಿ, ಸುಮ್ನೆ ಕಂಪ್ಯೂಟರ್‌ಗೆ ಹೊರೆ. ನಡುಗಡ್ಡೆ ಇದ್ದರೆ ಪಾಲಿಗಾನ್ ಒಳಗೆ ರಿಂಗ್ ಹಾಕಿ ತೂತು ಮಾಡಿ, ಮರೆಯಬೇಡಿ. ಕೊನೆಗೆ ಶೇಪ್‌ಫೈಲ್ (ನಕ್ಷೆಯ ಆಕಾರಗಳನ್ನು ಇಡುವ ಫೈಲ್) ಆಗಿ ಉಳಿಸಿ.

ಈಗ ನಿಜವಾದ ಕೆಲಸ, ಎತ್ತರ. ನಾನು ಮೊದಲು ಸೇರಿಸಿದ್ದು 2000ದ ನಂತರ ಕಟ್ಟಿದ ಒಂದು ಅಣೆಕಟ್ಟಿನ ಹಿಂದಿನ ನೀರನ್ನು. ಮೂರು ಸಂಜೆ ಕೂತು ದಡ ಬರೆದೆ. ಸೀನರಿ ಕಟ್ಟಿ, ವಿಮಾನ ಏರಿಸಿ, ಗುಡ್ಡ ದಾಟಿ ನೋಡಿದರೆ ನೀರು ಒಂದು ಮಟ್ಟದಲ್ಲಿ ನಿಂತೇ ಇರಲಿಲ್ಲ. ಒದ್ದೆ ಬಟ್ಟೆ ಹಾಸಿದ ಹಾಗೆ ಎರಡೂ ಬದಿಯ ಇಳಿಜಾರಿಗೆ ಅಂಟಿಕೊಂಡು ಕಣಿವೆಯ ತಳಕ್ಕೆ ಇಳಿದಿತ್ತು. ಎಸ್‌ಆರ್‌ಟಿಎಂ ಅಳೆದಾಗ ಅಲ್ಲಿ ನೀರೇ ಇರಲಿಲ್ಲವಲ್ಲ, ಹಳೆಯ ಕಣಿವೆ ಹಾಗೇ ದಾಖಲಾಗಿತ್ತು. ಅವತ್ತು ನನಗೆ ತುಂಬಾ ಬೇಜಾರಾಯಿತು. ಸೀನರಿ ಕಟ್ಟುವ ಟೆರಾಗಿಯರ್ ಅನ್ನುವ ಪ್ರೋಗ್ರಾಮ್ ಕೆರೆಯನ್ನು ಸ್ವಲ್ಪ ಮಟ್ಟಿಗೆ ತಾನೇ ಸಮ ಮಾಡಲು ನೋಡುತ್ತದೆ, ಆದರೆ ಅಷ್ಟು ಆಳವನ್ನು ಅದು ತುಂಬಲಾರದು.

ಹಾಗಾಗಿ ಎತ್ತರದ ಫೈಲನ್ನೇ ತಿದ್ದಿ. ನೀರಿನ ಮಟ್ಟ ಎಷ್ಟು ಅಂತ ತಿಳಿಯಲು ಕೋಡಿ ನೋಡಿ. ಕೋಡಿಯ ಎತ್ತರವೇ ತುಂಬಿದ ಕೆರೆಯ ಎತ್ತರ, ಅದಕ್ಕಿಂತ ಮೇಲೆ ನೀರು ನಿಲ್ಲುವುದಿಲ್ಲ. ಆ ಜಾಗದ ಎತ್ತರವನ್ನು ಎಸ್‌ಆರ್‌ಟಿಎಂ ಫೈಲಿನಿಂದಲೇ ಓದಿಕೊಳ್ಳಿ. ಸುತ್ತಲಿನ ನೆಲವೂ ಅದರಿಂದಲೇ ಬಂದಿರುವುದರಿಂದ ಎರಡೂ ಹೊಂದುತ್ತವೆ. ಎತ್ತರದ ಫೈಲ್ ಅಂದರೆ ಚೌಕಗಳ ಜಾಲ, ಒಂದೊಂದು ಚೌಕಕ್ಕೂ ಒಂದು ಎತ್ತರ. ಆಮೇಲೆ ಜಿಡಿಎಎಲ್ ಅನ್ನುವ ನಕ್ಷೆ ಉಪಕರಣದ ರಾಸ್ಟರೈಸ್ ಕಮಾಂಡ್‌ನಿಂದ ನಿಮ್ಮ ಪಾಲಿಗಾನ್ ಒಳಗಿನ ಎಲ್ಲ ಚೌಕಗಳಿಗೂ ಆ ಒಂದೇ ಸಂಖ್ಯೆ ತುಂಬಿ. ಇದಕ್ಕೆ ಮಾತ್ರ ಪಾಲಿಗಾನಿನ ಒಂದು ನಕಲು ಮಾಡಿ, ಹೊರಕ್ಕೆ ಸುಮಾರು 30 ಮೀಟರ್ ಹಿಗ್ಗಿಸಿಕೊಳ್ಳಿ. ಒಂದು ಆರ್ಕ್ ಸೆಕೆಂಡ್ ಫೈಲಿನಲ್ಲಿ ಒಂದು ಚೌಕ ಅಂದರೆ ಸರಿಸುಮಾರು ಅಷ್ಟೇ. ದಡದ ಬಿಂದುಗಳ ಎತ್ತರವನ್ನು ಟೆರಾಗಿಯರ್ ಒಳಗಿನ ಹೊರಗಿನ ಚೌಕಗಳೆರಡನ್ನೂ ನೋಡಿ ಲೆಕ್ಕ ಹಾಕುತ್ತದೆ. ಹಿಗ್ಗಿಸದಿದ್ದರೆ ಅಂಚಿನಲ್ಲಿ ನೀರು ತಟ್ಟೆಯ ಅಂಚಿನಂತೆ ಮೇಲಕ್ಕೆ ಬಾಗುತ್ತದೆ.

ಉಳಿದದ್ದು ಟೆರಾಗಿಯರ್‌ನ ಒಳಗಿನ ಸಣ್ಣ ಪ್ರೋಗ್ರಾಮ್‌ಗಳ ಕೆಲಸ. ಓಜಿಆರ್-ಡಿಕೋಡ್ ನಿಮ್ಮ ಶೇಪ್‌ಫೈಲನ್ನು ಲೇಕ್ ಎಂದು ಓದಿಕೊಳ್ಳುತ್ತದೆ, ಎತ್ತರದ ಫೈಲ್ ಟೆರಾಫಿಟ್ ಮೂಲಕ ಹೋಗುತ್ತದೆ, ಟಿಜಿ-ಕನ್‌ಸ್ಟ್ರಕ್ಟ್ ಎಲ್ಲವನ್ನೂ ಸೇರಿಸಿ ಟೈಲ್, ಅಂದರೆ ಸೀನರಿಯ ಒಂದು ತುಂಡು, ಕಟ್ಟುತ್ತದೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಫ್ಲೈಟ್‌ಗಿಯರ್ ಇಡೀ ಟೈಲನ್ನೇ ಬದಲಾಯಿಸುತ್ತದೆ, ಕೆರೆಯೊಂದನ್ನೇ ಅಲ್ಲ. ಉತ್ತರ ದಕ್ಷಿಣವಾಗಿ ಒಂದು ಟೈಲ್ ಡಿಗ್ರಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 14 ಕಿಲೋಮೀಟರ್. ಅಷ್ಟರೊಳಗಿನ ಕಾಡು, ಹೊಲ, ರಸ್ತೆ, ರನ್‌ವೇ ಎಲ್ಲವನ್ನೂ ನೀವೇ ಕೊಡಬೇಕು. ಕೆರೆ ಮಾತ್ರ ಕೊಟ್ಟರೆ ಕೆರೆ ಮಾತ್ರ ಉಳಿಯುತ್ತದೆ. ಅಕ್ಕಪಕ್ಕದ ಟೈಲ್‌ಗಳನ್ನೂ ಒಟ್ಟಿಗೇ ಕಟ್ಟುವುದು ಒಳ್ಳೆಯದು, ಇಲ್ಲದಿದ್ದರೆ ಸೇರುವ ಕಡೆ ಸೀಳು ಬಿಡಬಹುದು.

ಕಟ್ಟಿದ್ದನ್ನು ಬೇರೆ ಫೋಲ್ಡರಿನಲ್ಲಿಡಿ, ಸೀನರಿ ದಾರಿಗಳ ಪಟ್ಟಿಯಲ್ಲಿ ಅದನ್ನು ಮೊದಲು ಬರೆಯಿರಿ. ಕೆರೆ ಬಂದು ಅದರ ಮೇಲೊಂದು ಮನೆ ಇನ್ನೂ ನಿಂತಿದ್ದರೆ ಗಾಬರಿಯಾಗಬೇಡಿ. ಬಿಡಿಯಾಗಿ ಇಟ್ಟ ವಸ್ತುಗಳ ಪಟ್ಟಿ ಎಸ್‌ಟಿಜಿ ಅನ್ನುವ ಫೈಲಿನಲ್ಲಿರುತ್ತದೆ, ಆ ಮನೆಯ ಸಾಲು ತೆಗೆದರೆ ಮನೆ ಹೋಗುತ್ತದೆ.

ಪ್ರಶ್ನೆ: ನಾನು ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್ ಬಳಸುವವಳು. ಅದರ ಸೀನರಿ ತಿದ್ದುವ ವರ್ಲ್ಡ್‌ಎಡಿಟರ್‌ನಲ್ಲಿ ಎಷ್ಟು ಹುಡುಕಿದರೂ ಕೆರೆ ಬರೆಯುವ ದಾರಿ ಸಿಗುತ್ತಿಲ್ಲ.

ಉತ್ತರ: ಸಿಗುವುದಿಲ್ಲ, ತಪ್ಪು ನಿಮ್ಮದಲ್ಲ. ಅಲ್ಲಿ ನೀರು ಕೆಳಗಿನ ಮೆಶ್‌ನ, ಅಂದರೆ ನೆಲದ ಮೂಲ ಜಾಲದ, ಭಾಗ. ವರ್ಲ್ಡ್‌ಎಡಿಟರ್ ಅದರ ಮೇಲೆ ಹಾಸುವ ಪದರವನ್ನಷ್ಟೇ ಮಾಡುತ್ತದೆ. ಮೆಶ್ಶನ್ನೇ ಹೊಸದಾಗಿ ಕಟ್ಟಬೇಕು, ಅದಕ್ಕೆ ಆರ್ಥೋ4ಎಕ್ಸ್‌ಪಿ ಅನ್ನುವ ಪ್ರೋಗ್ರಾಮ್ ಇದೆ. ಅದು ನೀರನ್ನು ಓಪನ್‌ಸ್ಟ್ರೀಟ್‌ಮ್ಯಾಪ್ (ಓಎಸ್‌ಎಂ) ಅನ್ನುವ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಿಂದ ಓದುತ್ತದೆ. ಹಾಗಾಗಿ ಕೆರೆಯನ್ನು ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬರೆಯಿರಿ, ‘ನ್ಯಾಚುರಲ್=ವಾಟರ್’ ಎಂದು ಟ್ಯಾಗ್ ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಎಡಿಟರ್ ತಾನೇ ತೋರಿಸುವ ಉಪಗ್ರಹ ಚಿತ್ರಗಳನ್ನು ನೋಡಿಯೇ ಬರೆಯಿರಿ. ಬೇರೆ ನಕ್ಷೆಯಿಂದ ನಕಲು ಮಾಡಲು ಪರವಾನಗಿ ಇರುವುದಿಲ್ಲ. ನೀವು ಬರೆದ ಕೆರೆ ಆ ನಕ್ಷೆ ಬಳಸುವ ಎಲ್ಲರಿಗೂ ಸಿಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಹಿಂದೆಯೇ ಆ ಟೈಲ್ ಕಟ್ಟಿದ್ದರೆ ಆರ್ಥೋ4ಎಕ್ಸ್‌ಪಿಯ ಓಎಸ್‌ಎಂ ಡೇಟಾ ಫೋಲ್ಡರಿನಲ್ಲಿ ಹಳೆಯ ನೀರಿನ ಫೈಲ್ ಕೂತಿರುತ್ತದೆ. ಅದನ್ನು ಅಳಿಸಿ, ವೆಕ್ಟರ್ ಡೇಟಾ ಹಂತದಿಂದ ಮತ್ತೆ ಶುರು ಮಾಡಿ. ಅಳಿಸದಿದ್ದರೆ ಎಷ್ಟು ಸಲ ಕಟ್ಟಿದರೂ ಹಳೆಯ ಹೊಲವೇ ಬರುತ್ತದೆ.