ಅಮೆರಿಕದ ಮಯಾಮಿಯ ಕ್ಯೂಬನ್ ಬಡಾವಣೆ ಲಿಟಲ್ ಹವಾನಾದಲ್ಲಿ ಗೈಡ್ ಜೊತೆ ಫುಡ್ ಟೂರ್ ಹೋಗಬೇಕಾ, ನಾವೇ ಸುತ್ತಿ ತಿಂದರೆ ಸಾಲದಾ?

ಮೊದಲ ಸಲವಾದರೆ ಗೈಡ್ ಜೊತೆಗೇ ಹೋಗಿ. ಕಾರಣ ಹೊಟ್ಟೆಯ ಲೆಕ್ಕ. ಹಂದಿಮಾಂಸ, ಹ್ಯಾಮ್, ಚೀಸ್ ತುಂಬಿ ಬಿಸಿ ತಟ್ಟೆಗಳ ನಡುವೆ ಒತ್ತಿದ ಒಂದೇ ಒಂದು ಕ್ಯೂಬನ್ ಸ್ಯಾಂಡ್‌ವಿಚ್ ಪೂರ್ತಿ ತಿಂದರೆ ಅಲ್ಲಿಗೇ ಊಟ ಮುಗಿಯಿತು. ಟೂರ್‌ನವರು ಅಂಗಡಿಗಳ ಜೊತೆ ಮೊದಲೇ ಮಾತಾಡಿಕೊಂಡಿರುತ್ತಾರೆ. ಪ್ರತಿ ಕಡೆ ಸ್ವಲ್ಪ ಸ್ವಲ್ಪವೇ ಬಡಿಸುವುದರಿಂದ ಒಂದೇ ನಡಿಗೆಯಲ್ಲಿ ನಾಲ್ಕಾರು ರುಚಿ ನೋಡಬಹುದು.

ಇನ್ನೊಂದು, ಇಲ್ಲಿನ ರೂಢಿ ಬೋರ್ಡ್ ಓದಿದರೆ ತಿಳಿಯುವಂಥದ್ದಲ್ಲ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದವರು ಎಂಟನೇ ಬೀದಿಯ (ಅವರ ಬಾಯಲ್ಲಿ 'ಕಾಯೆ ಓಚೊ') ಸುತ್ತಮುತ್ತ ನೆಲೆಸಿದರು. ಕಾಫಿಯನ್ನು 'ವೆಂಟಾನೀಟಾ' ಎಂಬ ಕಿಟಕಿಯ ಮುಂದೆ ನಿಂತೇ ಕುಡಿಯುತ್ತಾರೆ. ಮೊದಲು ಇಳಿದ ಗಟ್ಟಿ ಡಿಕಾಕ್ಷನ್‌ನ ನಾಲ್ಕು ಹನಿಯನ್ನು ಸಕ್ಕರೆಗೆ ಹಾಕಿ, ಬಣ್ಣ ತಿಳಿಯಾಗುವವರೆಗೆ ಚಮಚದಲ್ಲಿ ಗರಗರ ತಿರುಗಿಸಿ, ಉಳಿದದ್ದನ್ನು ಮೇಲೆ ಸುರಿದರೆ ಕೆನೆಯಂಥ ನೊರೆ ತೇಲುತ್ತದೆ. 'ಕೊಲಾಡಾ' ಕೇಳಿದರೆ ಒಂದು ಲೋಟದ ಜೊತೆ ಪುಟಾಣಿ ಕಪ್ಪುಗಳನ್ನೂ ಕೊಡುತ್ತಾರೆ. ಅದು ನಮ್ಮ ಬೈಟು ಕಾಫಿಯ ಹಾಗೆ, ಹಂಚಿಕೊಳ್ಳುವುದಕ್ಕೆ. ಗೊತ್ತಿಲ್ಲದೆ ಒಬ್ಬರೇ ಕುಡಿದರೆ ರಾತ್ರಿ ನಿದ್ದೆ ಇಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಕಪ್ಪು ಹುರುಳಿಯಂತೆ ಕಾಣುವ ಬೀನ್ಸ್‌ಗೆ ಹ್ಯಾಮ್ ಬಿದ್ದಿರಬಹುದು, ಸಾಂಪ್ರದಾಯಿಕ ಕ್ಯೂಬನ್ ಬ್ರೆಡ್ಡಿಗೆ ಹಂದಿಕೊಬ್ಬು ಹಾಕುತ್ತಾರೆ. ಕಾಯಿಬಾಳೆಯನ್ನು ಚಪ್ಪಟೆ ಒತ್ತಿ ಎರಡು ಸಲ ಕರಿದ 'ಟೊಸ್ಟೋನೆಸ್' ಚೆನ್ನಾಗಿರುತ್ತದೆ, ಆದರೆ ಯಾವ ಎಣ್ಣೆಯಲ್ಲಿ ಕರಿದರು ಅಂತ ಕೇಳಿಕೊಳ್ಳಿ.