ಮಾಸ್ಕ್ ಮುಖಕ್ಕೆ ಹೊಂದದಿದ್ದರೆ ವಾರ್ಡಿಗೆ ಕಾಲಿಡಬೇಡ

ತಂಗಿ, ನಿನ್ನ ಪತ್ರ ಓದಿದೆ. ಹಾಸನದಿಂದ ಇಂಗ್ಲೆಂಡಿಗೆ ನರ್ಸ್ ಆಗಿ ಬರುತ್ತಿದ್ದೀಯ, ವೀಸಾ ಕೈಗೆ ಬಂದಿದೆ, ಆದರೆ ಮನೆಯಲ್ಲಿ ಅಳುಕು. "ಕೊರೊನಾ ಟೈಮಲ್ಲಿ ಅಲ್ಲಿ ನಮ್ಮವರೇ ಜಾಸ್ತಿ ಸತ್ತರಂತೆ, ನಮ್ಮ ಮೈಗೆ ಆ ದೇಶ ಆಗಿಬರಲ್ಲ ಅಂತ ಮಾವ ಹೇಳುತ್ತಾರೆ, ನಿಜಾನಾ ಅಕ್ಕಾ?" ಅಂತ ಕೇಳಿದ್ದೀಯ. ಬಾಡಿಗೆ, ಚಳಿ, ಮಗುವಿನ ಸ್ಕೂಲು, ಅದನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಮೊದಲು ಇದು. ಆ ಎರಡು ವರ್ಷ ನಾನು ಬರ್ಮಿಂಗ್‌ಹ್ಯಾಮಿನಲ್ಲಿ ವಾರ್ಡಿನಲ್ಲೇ ಇದ್ದೆ.

ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮವರು ಜಾಸ್ತಿ ಸತ್ತಿದ್ದು ನಿಜ. ಮೈಗೆ ಆಗಿಬರಲಿಲ್ಲ ಅನ್ನೋದು ಸುಳ್ಳು.

2020ರ ಏಪ್ರಿಲ್ ಹೊತ್ತಿಗೆ ಇಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೊದಲ ಹತ್ತು ಡಾಕ್ಟರುಗಳಲ್ಲಿ ಒಬ್ಬರೂ ಬಿಳಿಯರಲ್ಲ. ಸುಡಾನ್, ನೈಜೀರಿಯಾ, ಪಾಕಿಸ್ತಾನ, ಶ್ರೀಲಂಕಾ, ಭಾರತ, ಹೀಗೆ ಎಲ್ಲೆಲ್ಲಿಂದಲೋ ಬಂದವರು. ಎನ್‌ಎಚ್‌ಎಸ್ ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ, ಅದರ ನೌಕರರಲ್ಲಿ ಬಿಳಿಯರಲ್ಲದವರು ಐದರಲ್ಲಿ ಒಬ್ಬರು. ಆ ಮೊದಲ ವಾರಗಳಲ್ಲಿ ಸತ್ತ ನೌಕರರ ಲೆಕ್ಕ ತೆಗೆದರೆ ಶೇ. 60ಕ್ಕಿಂತ ಜಾಸ್ತಿ ಅವರೇ. ಆಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ದಿನಾ ಒಂದು ಫೋಟೋ ಬರುತ್ತಿತ್ತು. ಬೆಳಗ್ಗೆ ಫೋನ್ ನೋಡೋದಕ್ಕೇ ಭಯ.

ಆಸ್ಪತ್ರೆಯ ಹೊರಗೂ ಅದೇ ಕಥೆ. ಸರ್ಕಾರಿ ಅಂಕಿಅಂಶ ಕಚೇರಿ ಆ ಮೇ ತಿಂಗಳಲ್ಲಿ ಲೆಕ್ಕ ಕೊಟ್ಟಿತು. ವಯಸ್ಸನ್ನು ಸರಿಹೊಂದಿಸಿ ನೋಡಿದರೆ ಕಪ್ಪು ಜನರು ಕೋವಿಡ್‌ನಿಂದ ಸಾಯುವ ಸಂಭವ ಬಿಳಿಯರಿಗಿಂತ ನಾಲ್ಕು ಪಟ್ಟು. ವಾಸದ ಜಾಗ, ಬಡತನ, ಓದು, ಮೊದಲೇ ಇದ್ದ ಅನಾರೋಗ್ಯ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡರೆ ಆ ನಾಲ್ಕು ಸುಮಾರು ಎರಡಕ್ಕೆ ಇಳಿಯಿತು. ಅಂದರೆ ಅಂತರದ ದೊಡ್ಡ ಪಾಲು ಬದುಕಿನ ಸ್ಥಿತಿಯಿಂದಲೇ ಬಂದಿದ್ದು. ಜೂನಿನಲ್ಲಿ ಇನ್ನೊಂದು ಸರ್ಕಾರಿ ವರದಿ ಬಂತು. ಅದರಲ್ಲಿ ವಯಸ್ಸು, ಬಡತನ, ವಾಸದ ಜಾಗ ಸರಿಹೊಂದಿಸಿದ ಮೇಲೂ ಬಾಂಗ್ಲಾದೇಶಿ ಮೂಲದವರ ಅಪಾಯ ಬಿಳಿ ಬ್ರಿಟಿಷರಿಗಿಂತ ಎರಡು ಪಟ್ಟು. ಭಾರತೀಯರು, ಪಾಕಿಸ್ತಾನಿಗಳು, ಚೀನೀಯರು, ಕೆರಿಬಿಯನ್ನರಿಗೆ ಶೇ. 10ರಿಂದ 50ರಷ್ಟು ಜಾಸ್ತಿ.

ಈಗ ನಿಮ್ಮ ಮಾವನ ಮಾತಿಗೆ ಬರುತ್ತೇನೆ. ಇಲ್ಲೂ ಬಹಳ ಜನ ಹಾಗೇ ಹೇಳಿದರು. ವಿಟಮಿನ್ ಡಿ ಕಡಿಮೆ, ಶುಗರ್ ಜಾಸ್ತಿ, ಜೀನ್ ಸರಿಯಿಲ್ಲ. ಶುಗರ್ ಮಾತು ಸುಳ್ಳಲ್ಲ, ಅದು ಕೋವಿಡ್ ಅನ್ನು ಕಷ್ಟ ಮಾಡುತ್ತದೆ, ನಮ್ಮಲ್ಲಿ ಜಾಸ್ತಿ ಇದೆ. ಜೀನ್ ಬಗ್ಗೆಯೂ 2021ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳು ಒಂದು ವಿಷಯ ಹೇಳಿದರು. ಶ್ವಾಸಕೋಶಕ್ಕೆ ತೊಂದರೆ ಹೆಚ್ಚಿಸುವ ಒಂದು ಜೀನ್ ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 60 ಜನರಲ್ಲಿದೆ, ಯುರೋಪಿನವರಲ್ಲಿ ಶೇ. 15, ಆಫ್ರಿಕನ್-ಕೆರಿಬಿಯನ್ನರಲ್ಲಿ ಬರೀ ಶೇ. 2. ಈ ಸುದ್ದಿ ಬಂದಾಗ ನಮ್ಮ ಕೆಲವು ಡಾಕ್ಟರುಗಳೇ "ನೋಡಿ, ಹೇಳಿರಲಿಲ್ವಾ" ಅಂದರು.

ಆದರೆ ಸ್ವಲ್ಪ ಯೋಚನೆ ಮಾಡು. ಆ ಜೀನ್ ಶೇ. 2 ಜನರಲ್ಲಷ್ಟೇ ಇದ್ದರೆ, ಮೊದಲ ಅಲೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸತ್ತವರು ಕಪ್ಪು ಜನರೇ ಹೇಗಾದರು? ಎರಡನೇ ಅಲೆಯಲ್ಲಿ ಕಪ್ಪು ಜನರ ಅಪಾಯ ಬಿಳಿಯರ ಹತ್ತಿರ ಹತ್ತಿರಕ್ಕೆ ಇಳಿಯಿತು, ಬಾಂಗ್ಲಾದೇಶಿಗಳದ್ದು, ಪಾಕಿಸ್ತಾನಿಗಳದ್ದು ಇನ್ನೂ ಏರಿತು. ಆರು ತಿಂಗಳಲ್ಲಿ ಯಾರ ಜೀನ್ ಬದಲಾಯಿತು? ಢಾಕಾದವರಿಗೂ ಕೋಲ್ಕತ್ತಾದವರಿಗೂ ರಕ್ತದಲ್ಲಿ ಎಷ್ಟು ವ್ಯತ್ಯಾಸ? ಇಲ್ಲಿ ಬಾಂಗ್ಲಾದೇಶಿಗಳಿಗೂ ಭಾರತೀಯರಿಗೂ ಇರುವ ದೊಡ್ಡ ವ್ಯತ್ಯಾಸ ಮನೆ, ಸಂಬಳ, ಕೆಲಸದ್ದು. ಲಂಡನ್ನಿನ ನ್ಯೂಹ್ಯಾಮ್ ನೋಡು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲಿ ಕೋವಿಡ್‌ನಿಂದ ಲಕ್ಷಕ್ಕೆ 144 ಜನ ಸತ್ತರು. ಇಡೀ ಇಂಗ್ಲೆಂಡ್-ವೇಲ್ಸ್ ಲೆಕ್ಕ ಲಕ್ಷಕ್ಕೆ 36. ಬಸ್ ಓಡಿಸುವವರು, ಟ್ಯಾಕ್ಸಿಯವರು, ಅಂಗಡಿಯಲ್ಲಿ ನಿಲ್ಲುವವರು, ಸೆಕ್ಯುರಿಟಿಯವರು, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ನವರು ಇರುವ ಜಾಗ ಅದು. ಇವರಿಗೆ ಮನೆಯಿಂದ ಕೆಲಸ ಅನ್ನೋದೇ ಇಲ್ಲ. ಎರಡು ರೂಮಿನಲ್ಲಿ ಅಜ್ಜ ಅಜ್ಜಿ ಸಮೇತ ಆರೇಳು ಜನ ಇದ್ದರೆ ಕೆಮ್ಮಿದವರು ಬೇರೆ ಮಲಗೋದು ಎಲ್ಲಿ?

ನಮ್ಮವರ ಒಂದು ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. "ನಾವು ಡಾಕ್ಟರು, ಐಟಿಯವರು, ನಮ್ಮನ್ನು ಅವರ ಜೊತೆ ಸೇರಿಸಬೇಡಿ" ಅನ್ನೋದು. ಸತ್ತ ಡಾಕ್ಟರುಗಳ ಪಟ್ಟಿ ಓದಿದ ಮೇಲೂ ಈ ಮಾತು ಬಾಯಿಗೆ ಹೇಗೆ ಬರುತ್ತದೋ. ಅಬ್ದುಲ್ ಮಾಬೂದ್ ಚೌಧರಿ ಅಂತ ಒಬ್ಬರಿದ್ದರು. ಬಾಂಗ್ಲಾದೇಶ ಮೂಲದವರು, ಪೂರ್ವ ಲಂಡನ್ನಿನ ಯೂರಾಲಜಿ ಡಾಕ್ಟರು, ವಯಸ್ಸು 53. 2020ರ ಮಾರ್ಚಿನಲ್ಲಿ ಅವರು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್‌ಗೆ ಫೇಸ್‌ಬುಕ್‌ನಲ್ಲಿ ಬಹಿರಂಗವಾಗಿ ಬರೆದರು, ಎನ್‌ಎಚ್‌ಎಸ್ ಸಿಬ್ಬಂದಿಗೆಲ್ಲ ಸರಿಯಾದ ಪಿಪಿಇ ಕೊಡಿ ಅಂತ. ಏಪ್ರಿಲ್ 8ಕ್ಕೆ ಕೋವಿಡ್‌ನಿಂದ ತೀರಿಕೊಂಡರು.

ಈಗ ನಿನಗೆ ನೇರವಾಗಿ ತಾಗುವ ವಿಷಯ. ಇಲ್ಲಿಗೆ ಬಂದ ಮೇಲೆ ನಿನಗೆ ಫಿಟ್ ಟೆಸ್ಟ್ ಮಾಡುತ್ತಾರೆ. ಎಫ್‌ಎಫ್‌ಪಿ3 ಅನ್ನೋ ಬಿಗಿ ಮಾಸ್ಕ್ ಹಾಕಿಸಿ, ತಲೆ ಮೇಲೆ ಪ್ಲಾಸ್ಟಿಕ್ ಹುಡ್ ಇಟ್ಟು, ಒಳಗೆ ಕಹಿ ನೀರು ಸ್ಪ್ರೇ ಮಾಡುತ್ತಾರೆ. ತಲೆ ಆಡಿಸು, ಬಗ್ಗು, ಜೋರಾಗಿ ಓದು ಅನ್ನುತ್ತಾರೆ. ನಾಲಿಗೆಗೆ ಕಹಿ ತಗುಲಿದರೆ ಅಂಚಿನಿಂದ ಗಾಳಿ ನುಗ್ಗುತ್ತಿದೆ ಅಂತ, ಆ ಮಾಸ್ಕ್ ನಿನಗಲ್ಲ. ಬಹಳಷ್ಟು ಮಾಸ್ಕ್‌ಗಳ ಅಳತೆ ಬಿಳಿ ಗಂಡಸರ ಮುಖದ್ದು. ನಮ್ಮಂಥ ಸಣ್ಣ ಮುಖದ ಹೆಂಗಸರಿಗೆ, ಫಿಲಿಪೀನ್ಸ್ ಹುಡುಗಿಯರಿಗೆ ಎಷ್ಟೋ ಸಲ ಕೂರೋದೇ ಇಲ್ಲ. ಆ ಏಪ್ರಿಲ್‌ನಲ್ಲಿ ನಾನೂ ಕೇರಳದ ಒಬ್ಬ ಹುಡುಗಿಯೂ ಒಂದೇ ದಿನ ಫೇಲಾದೆವು. "ಬೇರೆ ಸ್ಟಾಕ್ ಇಲ್ಲ, ಒತ್ತಿ ಹಿಡಿದು ಹಾಕಿಕೊಂಡು ಹೋಗಿ" ಅಂದರು ಮ್ಯಾನೇಜರ್. ನಾನು ಆಗಲ್ಲ ಅಂದೆ. ನನ್ನನ್ನು ಬೇರೆ ವಾರ್ಡಿಗೆ ಹಾಕಿದರು. ಆ ಹುಡುಗಿ ಒಳಗೆ ಹೋದಳು. ನನ್ನ ಹತ್ತಿರ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ ಇತ್ತು. ಅವಳ ವೀಸಾ ಆ ಕೆಲಸಕ್ಕೇ ಕಟ್ಟಿತ್ತು. ಎರಡು ವಾರಕ್ಕೆ ಅವಳಿಗೆ ಕೋವಿಡ್ ಬಂತು, ಐಸಿಯುವರೆಗೂ ಹೋಗಿ ಉಳಿದುಬಂದಳು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಡಾಕ್ಟರುಗಳ ಸಮೀಕ್ಷೆ ಮಾಡಿದಾಗಲೂ ಇದೇ ಕಂಡಿತು. ಸರಿಯಾದ ರಕ್ಷಣೆ ಇಲ್ಲದೆ ಕೆಲಸ ಮಾಡುವ ಒತ್ತಡ ಬಿಳಿಯರಿಗಿಂತ ಬೇರೆಯವರ ಮೇಲೆ ಜಾಸ್ತಿ. ಜಾಸ್ತಿ ಜನ ಸತ್ತಿದ್ದು ಯಾಕೆ ಅಂತ ಕೇಳಿದೆಯಲ್ಲ, ನಾನು ಕಣ್ಣಾರೆ ಕಂಡ ಕಾರಣ ಇದು. ಆಗಲ್ಲ ಅನ್ನುವ ಧೈರ್ಯ ಯಾರಿಗಿದೆ, ಯಾರಿಗಿಲ್ಲ.

ಯಾರ ಜೀವಕ್ಕೆ ಎಷ್ಟು ಬೆಲೆ ಅನ್ನೋದು ಸರ್ಕಾರದ ನಡೆಯಲ್ಲೂ ಕಾಣುತ್ತಿತ್ತು. ಕೋವಿಡ್‌ನಿಂದ ಸತ್ತ ವಲಸಿಗ ಡಾಕ್ಟರು, ನರ್ಸ್‌ಗಳ ಕುಟುಂಬಕ್ಕೆ ಇಲ್ಲೇ ಕಾಯಂ ಇರಲು ಅವಕಾಶ ಕೊಟ್ಟರು. ಆಸ್ಪತ್ರೆ ಗುಡಿಸುವವರು, ಪೋರ್ಟರುಗಳು, ಕೇರ್ ಕೆಲಸದವರನ್ನು ಬಿಟ್ಟರು! ಜನ ಗಲಾಟೆ ಮಾಡಿದ ಮೇಲೆ, 2020ರ ಮೇ 20ರಂದು ಅವರನ್ನೂ ಸೇರಿಸಿದರು.

ಇನ್ನೊಂದು, ಪಲ್ಸ್ ಆಕ್ಸಿಮೀಟರ್, ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಯಂತ್ರ. ದಿನಾ ಬಳಸುತ್ತೀಯ, ಗಮನ ಇರಲಿ. ಮೈಬಣ್ಣ ಗಾಢವಿದ್ದರೆ ಅದು ಆಕ್ಸಿಜನ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಮೆರಿಕದ ಒಂದು ಅಧ್ಯಯನ 2020ರ ಡಿಸೆಂಬರಿನಲ್ಲಿ ಹೇಳಿತು, ಆಕ್ಸಿಜನ್ ಅಪಾಯದ ಮಟ್ಟಕ್ಕೆ ಇಳಿದಿದ್ದು ಆಕ್ಸಿಮೀಟರಿನ ಕಣ್ಣಿಗೆ ಬೀಳದೆ ಹೋಗುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ. ಇಲ್ಲಿ ಸರ್ಕಾರವೇ ತನಿಖೆ ಮಾಡಿಸಿ 2024ರಲ್ಲಿ ಅದನ್ನು ಒಪ್ಪಿಕೊಂಡಿತು. ಆಗ ಸಾವಿರಾರು ಜನ ಮನೆಯಲ್ಲಿ ಅದೇ ಯಂತ್ರ ನೋಡಿಕೊಂಡು ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅಂತ ಕಾಯುತ್ತಿದ್ದರು. 95 ಅಂತ ತೋರಿಸುತ್ತಿದೆ, ಆದರೆ ರೋಗಿ ಒಂದು ವಾಕ್ಯ ಪೂರ್ತಿ ಹೇಳಲಾರದೆ ಏದುಸಿರು ಬಿಡುತ್ತಿದ್ದಾರೆ ಅಂದರೆ, ರೋಗಿಯನ್ನು ನಂಬು. ಡಾಕ್ಟರನ್ನು ಕರೆದು ಬ್ಲಡ್ ಗ್ಯಾಸ್, ಅಂದರೆ ರಕ್ತ ತೆಗೆದು ಆಕ್ಸಿಜನ್ ಅಳೆಯುವ ಪರೀಕ್ಷೆ ಮಾಡಿಸು.

ಎಲ್ಲ ಕೆಟ್ಟದ್ದೇ ಅಲ್ಲ. 2020ರ ಡಿಸೆಂಬರ್ 8ರಂದು ನಮ್ಮ ಪಕ್ಕದ ಕಾವೆಂಟ್ರಿಯಲ್ಲಿ ಮಾರ್ಗರೆಟ್ ಕೀನನ್ ಅನ್ನೋ ಅಜ್ಜಿಗೆ ಮೊದಲ ಲಸಿಕೆ ಕೊಟ್ಟರಲ್ಲ, ಚುಚ್ಚಿದ ಕೈ ಮೇ ಪಾರ್ಸನ್ಸ್ ಅವರದ್ದು, ಫಿಲಿಪೀನ್ಸಿನಿಂದ ಬಂದ ನರ್ಸ್. ಲಸಿಕೆ ಬಗ್ಗೆ ನಮ್ಮವರಲ್ಲಿ, ಕಪ್ಪು ಜನರಲ್ಲಿ ಅನುಮಾನ ಜಾಸ್ತಿ ಇತ್ತು. ಆಗ ಬರ್ಮಿಂಗ್‌ಹ್ಯಾಮಿನ ಬಾಲ್ಸಲ್ ಹೀತ್‌ನಲ್ಲಿ ಮಸೀದಿಯನ್ನೇ ಲಸಿಕೆ ಕೇಂದ್ರ ಮಾಡಿದರು. ಗೊತ್ತಿರುವ ಜಾಗ, ಗೊತ್ತಿರುವ ಮುಖ ಅಂದಮೇಲೆ ಜನ ಬಂದರು.

ಹಾಗಾಗಿ ಬಾ. ನಿಮ್ಮ ಮಾವನಿಗೆ ಹೇಳು, ಮೈ ಹೊಂದುತ್ತದೆ. ನೀನು ಮಾತ್ರ ಮೊದಲ ವಾರವೇ ಯೂನಿಯನ್ ಸೇರು, ಆರ್‌ಸಿಎನ್ ಅಥವಾ ಯುನಿಸನ್. ತಿಂಗಳ ದುಡ್ಡು ದಂಡ ಅನ್ನಿಸಬಹುದು, ಅನ್ನಿಸಲಿ. ಎರಡನೆಯದು, ಕೆಲಸದಲ್ಲಿ ನಿನಗೆ ಎಷ್ಟು ಅಪಾಯ ಅಂತ ನೋಡುವ ರಿಸ್ಕ್ ಅಸೆಸ್ಮೆಂಟ್ ಫಾರಂ ಕೊಟ್ಟರೆ ಸುಮ್ನೆ ಟಿಕ್ ಹಾಕಬೇಡ. ಶುಗರ್, ಬಿಪಿ, ಆಸ್ತಮಾ ಏನಿದ್ದರೂ ಬರಿ, ಗರ್ಭಿಣಿಯಾದರೆ ಹೇಳು. ಅದರಿಂದ ಕೆಲಸ ಹೋಗುತ್ತೆ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಆಸ್ಪತ್ರೆ ನಡೆಸುವ ಪ್ರತಿ ಎನ್‌ಎಚ್‌ಎಸ್ ಟ್ರಸ್ಟಿನಲ್ಲೂ "ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್" ಅಂತ ಒಬ್ಬರು ಇರುತ್ತಾರೆ, ಮ್ಯಾನೇಜರ್ ಹತ್ತಿರ ಹೇಳಲಾಗದ್ದನ್ನು ಅವರ ಹತ್ತಿರ ಹೇಳಬಹುದು. ಬಂದ ಕೂಡಲೇ ಜಿಪಿ, ಅಂದರೆ ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ನೋಂದಾಯಿಸು, ಗಂಡ-ಮಗುವಿನದ್ದೂ. ನಿನ್ನ ಯಜಮಾನರ ತೂಕ ಇಲ್ಲಿಯ ಚಾರ್ಟಿನಲ್ಲಿ ನೋಡುವಾಗ ನೆನಪಿರಲಿ, ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೇ ಎಚ್ಚರ ಅಂತ ಇಲ್ಲಿಯ ಮಾರ್ಗಸೂಚಿ, 25 ಅಲ್ಲ.

ನೀನು ಕೇಳಿದ ಆ ಶೇರಿಂಗ್ ಮನೆ ಬಗ್ಗೆ: ಮೊದಲ ಎರಡು ಮೂರು ತಿಂಗಳು ಪರವಾಗಿಲ್ಲ. ಕಿಟಕಿ ತೆಗೆಯೋಕೆ ಬರುತ್ತಾ ನೋಡಿ ಅಡ್ವಾನ್ಸ್ ಕೊಡು. ಫಿಟ್ ಟೆಸ್ಟಿನಲ್ಲಿ ಯಾವ ಮಾಡೆಲ್ ಪಾಸಾಯಿತು ಅಂತ ಒಂದು ಕಾರ್ಡ್ ಕೊಡುತ್ತಾರೆ, ಅದರ ಫೋಟೋ ನನಗೆ ಕಳಿಸು. ಪಾಸಾಗದಿದ್ದರೆ ಆವತ್ತೇ ಫೋನ್ ಮಾಡು, ಏನು ಬರೆದುಕೊಡಬೇಕು ಅಂತ ಇಬ್ಬರೂ ಕೂತು ನೋಡೋಣ.